ಚಕ್ರದ ಮೇಲಿನ ಬಚ್ಚಲುಮನೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರು ಊರಿಗೆ ಹೋಗುವ ಬಗೆ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಹಡಗು, ರೈಲು, ರಾತ್ರಿಯ ಬಸ್ಸು, ಸ್ವಂತ ಕಾರುಗಳ ಸಾಲಿಗೆ ಇದೀಗ ಹಾಸಿಗೆ, ಅಡುಗೆಕಟ್ಟೆ, ಸ್ನಾನದ ಮೂಲೆಗಳನ್ನು ಒಳಗೊಂಡ ವ್ಯಾನೂ ಸೇರುತ್ತಿದೆ. 2021ರಲ್ಲಿ ಮಹಾರಾಷ್ಟ್ರ ಮತ್ತು ಕೇರಳ ಸರಕಾರಗಳು ಇಂಥ ಕ್ಯಾರವಾನ್ ಪ್ರವಾಸಕ್ಕೆಂದೇ ಪ್ರತ್ಯೇಕ ನೀತಿಗಳನ್ನು ಪ್ರಕಟಿಸಿದವು. ಇದು ಸ್ವಾಗತಾರ್ಹವೇ ಸರಿ. ಆದರೆ ಮನೆಯನ್ನು ಚಕ್ರದ ಮೇಲೇರಿಸುವಾಗ ಮನೆಯ ರೂಢಿಗಳನ್ನೆಲ್ಲ ತೂಗಿ ನೋಡದೆ ಜೊತೆಗೇ ಏರಿಸಿಬಿಡುವುದು ವಿವೇಕವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕಳೆದ ಚಳಿಗಾಲದಲ್ಲಿ ಮಿತ್ರರೊಬ್ಬರು ತಾವು ಸಜ್ಜುಗೊಳಿಸಿದ ವ್ಯಾನನ್ನು ತೋರಿಸಲು ನನ್ನನ್ನು ಕರೆದರು. ಎಲ್ಲವೂ ಅಚ್ಚುಕಟ್ಟಾಗಿತ್ತು. ಸ್ನಾನದ ಮೂಲೆಯಲ್ಲಿ ಮಾತ್ರ ಬಕೆಟ್ಟಿನಲ್ಲಿ ಮುಳುಗಿಸಿದ ಹೀಟರ್ ರಾಡೊಂದನ್ನು ಇನ್ವರ್ಟರಿಗೆ ಸಿಕ್ಕಿಸಲಾಗಿತ್ತು. ಬ್ಯಾಟರಿಯಿಂದ ಇನ್ವರ್ಟರಿಗೆ ಬಂದ ತಂತಿಯನ್ನು ಮುಟ್ಟಿ ನೋಡಿದೆ, ಕೈ ಚುರುಕೆಂದಿತು. “ಮನೆಯಲ್ಲಿ ಇಪ್ಪತ್ತು ವರ್ಷ ಇದೇ ರಾಡು ಬಳಸಿದ್ದೇವೆ ರಾಯರೇ, ಏನೂ ಆಗಿಲ್ಲ” ಎಂದರು. ಅಪಾಯದ ಬೀಜವಿರುವುದು ಈ ನಂಬಿಕೆಯಲ್ಲಿಯೇ.

1500 ವಾಟಿನ ರಾಡು ಮನೆಯ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅದೇ ರಾಡು 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು 125 ಆಂಪಿಯರ್. ಇನ್ವರ್ಟರಿನ ನಷ್ಟ ಬೇರೆ. ತಕ್ಕಷ್ಟು ದಪ್ಪನಾದ ತಾಮ್ರದ ತಂತಿಯೂ ಬ್ಯಾಟರಿಯ ಬಳಿಯಲ್ಲೇ ಫ್ಯೂಸೂ ಇಲ್ಲದಿದ್ದರೆ ನೀರಿಗಿಂತ ಮೊದಲು ತಂತಿಯೇ ಕಾದೀತು. ಸುತ್ತಲೂ ಹಲಗೆ, ಪರದೆ, ಹಾಸಿಗೆಗಳಿರುವಲ್ಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಒದ್ದೆ ಕಾಲು, ಲೋಹದ ಮೈ, ಸೋರುವ ರಾಡು ಈ ಮೂರೂ ಕೂಡಿದರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ದೊಡ್ಡ ಬ್ಯಾಟರಿ ಹಾಕಿಸಿದರಾಯಿತು ಎನ್ನುವವರುಂಟು. ಅವರೊಮ್ಮೆ ಲೆಕ್ಕ ಹಾಕಿ ನೋಡಲಿ. ಸಾಧಾರಣ ಶವರಿನಿಂದ ನಿಮಿಷಕ್ಕೆ ಎಂಟು ಹತ್ತು ಲೀಟರ್ ನೀರು ಸುರಿಯುತ್ತದೆ; ಐದು ನಿಮಿಷಕ್ಕೆ ನಾಲ್ವತ್ತು ಲೀಟರಾದರೂ ಬೇಕು. ಅಷ್ಟು ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.93 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದೇ 1.2 ಯೂನಿಟ್. ಅದು ಸೀಸದ ಬ್ಯಾಟರಿಯಾದರೆ ಅದರ ಆಯುಸ್ಸಿನ ದೃಷ್ಟಿಯಿಂದ ಅರ್ಧವನ್ನಷ್ಟೇ ಬಳಸತಕ್ಕದ್ದು. ಎಂದರೆ ಒಬ್ಬನ ಸ್ನಾನಕ್ಕೂ ಅದು ಸಾಲದು. ನಾಲ್ವರ ಸಂಸಾರದ ಮಾತೇಕೆ?

ಆದುದರಿಂದ ಬೆಳೆಸಬೇಕಾದುದು ಬ್ಯಾಟರಿಯನ್ನಲ್ಲ, ಕಡಿಮೆ ಮಾಡಬೇಕಾದುದು ನೀರನ್ನು. ಬಕೆಟ್ಟು, ಚೊಂಬುಗಳ ಸ್ನಾನ ನಮಗೆ ಹೊಸತಲ್ಲ. ಬಚ್ಚಲ ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುವುದನ್ನು ನಮ್ಮ ತಾಯಂದಿರು ಯಾವ ಪುಸ್ತಕವನ್ನೂ ಓದಿ ಕಲಿತವರಲ್ಲ. 70 ಡಿಗ್ರಿಯ ಐದು ಲೀಟರ್ ನೀರಿಗೆ 20 ಡಿಗ್ರಿಯ ಏಳೂವರೆ ಲೀಟರ್ ಬೆರೆಸಿದರೆ 40 ಡಿಗ್ರಿಯ ಹನ್ನೆರಡೂವರೆ ಲೀಟರ್ ದೊರೆಯುತ್ತದೆ. ಒಬ್ಬರ ಸ್ನಾನಕ್ಕೆ ಅಷ್ಟು ಧಾರಾಳವಾಗಿ ಸಾಕು, ಖರ್ಚು 0.3 ಯೂನಿಟ್ಟಿಗೂ ಒಳಗೆ.

ಈ ಅಳತೆಯಲ್ಲಿ ನಾಲ್ವರಿಗೆ ಬೇಕಾದುದು ಶಾಖ ಸೋರದಂತೆ ಹೊದಿಕೆ ಹಾಕಿದ ಇಪ್ಪತ್ತು ಲೀಟರಿನ ಒಂದು ತೊಟ್ಟಿ ಮತ್ತು ಅದರೊಳಗೆ 12 ವೋಲ್ಟಿನಲ್ಲೇ ಕೆಲಸ ಮಾಡುವ 300 ವಾಟಿನ ಹೀಟರ್. ಅದು ಎಳೆಯುವುದು ಬರೀ 25 ಆಂಪಿಯರ್. ಗಾಡಿ ಓಡುತ್ತಿರುವಾಗ ಇಂಜಿನ್ನಿನ ಆಲ್ಟರ್ನೇಟರು ಇದನ್ನು ನಿಭಾಯಿಸಬಲ್ಲುದು. ಪುಣೆ ಬಿಟ್ಟು ಕೊಲ್ಲಾಪುರ ಸೇರುವ ನಾಲ್ಕು ಗಂಟೆಗಳಲ್ಲಿ ನಾಲ್ವರ ನೀರೂ ಕಾದಿರುತ್ತದೆ. ಇದು ಪುಕ್ಕಟೆಯಲ್ಲ, ತುಸು ಡೀಸೆಲ್ ಹೆಚ್ಚು ಉರಿಯುತ್ತದೆ. ಆದರೆ 12 ವೋಲ್ಟಿನಲ್ಲಿ ಮೈಗೆ ಶಾಕ್ ಹೊಡೆಯುವ ಭೀತಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ತೊಟ್ಟಿಗೆ ಥರ್ಮೋಸ್ಟಾಟೂ ಒತ್ತಡ ಬಿಡುವ ವಾಲ್ವೂ ಇರಲೇಬೇಕು.

ವಿದ್ಯುತ್ತಿನ ಗೊಡವೆಯೇ ಬೇಡ, ಗ್ಯಾಸ್ ಗೀಸರು ಅಗ್ಗ ಎಂಬ ವಾದವೂ ಕೇಳಿಬರುತ್ತದೆ. ಗಾಳಿಯಾಡದ ಸ್ನಾನದ ಕೋಣೆಗಳಲ್ಲಿ ಗ್ಯಾಸ್ ಗೀಸರಿನಿಂದ ಹೊಮ್ಮಿದ ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾದವರ ಸುದ್ದಿಯನ್ನು ನಗರವಾಸಿಗಳಾದ ನಾವು ಓದಿಯೇ ಇದ್ದೇವೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಗೆಂದು ಮಾಡಿದ ಅಂಥ ಗೀಸರನ್ನು ಬಾಗಿಲು ಮುಚ್ಚಿದ ವ್ಯಾನಿನೊಳಗೆ ಉರಿಸುವುದು ಎಂದಿಗೂ ಸಲ್ಲದು.

ಸರಕಾರಗಳ ಹೊಣೆಯೂ ಇಲ್ಲಿದೆ. ಕ್ಯಾರವಾನುಗಳು ತಂಗುವ ಪ್ರತಿಯೊಂದು ತಾಣದಲ್ಲಿಯೂ ಸರಿಯಾದ ಅರ್ಥಿಂಗ್ ಉಳ್ಳ, ಸೋರಿಕೆ ಕಂಡೊಡನೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚಿನ ವಿದ್ಯುತ್ ಸಂಪರ್ಕ ದೊರೆಯುವಂತಾಗಬೇಕು. ವ್ಯಾನನ್ನು ಮಾರ್ಪಡಿಸುವವರು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಅರಿತಿರಬೇಕು. ತಯಾರಕರು ಮಾಡಿದುದನ್ನು ಮನಬಂದಂತೆ ಬದಲಿಸಲು ಅದು ಬಿಡುವುದಿಲ್ಲ.

ನನ್ನ ಮಿತ್ರರು ಈ ಲೆಕ್ಕವನ್ನು ಕೇಳಿ ಮೊದಲು ನಕ್ಕರು. ಆಮೇಲೆ ತಾವೇ ಕಾಗದ ಪೆನ್ಸಿಲು ಹಿಡಿದು ಕುಳಿತರು. ಈಗ ಅವರ ವ್ಯಾನಿನಲ್ಲಿ ಆ ರಾಡು ಇಲ್ಲ. ಮಕ್ಕಳನ್ನು ಕರೆದುಕೊಂಡು ಊರ ದಾರಿ ಹಿಡಿಯಲಿರುವ ಇತರರೂ ಹೊರಡುವ ಮುನ್ನ ತಮ್ಮ ತಂತಿಗಳನ್ನೊಮ್ಮೆ ಮುಟ್ಟಿ ನೋಡುವಂತಾಗಲಿ.