ಒಂದು ಟೀ ಮುಂದೆ ಬನ್ನಿ, ಹಿರಿಯರೇ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಿಂದ ಭಾನುವಾರ ಬೆಳಿಗ್ಗೆ ಡಿಕ್ಕಿಯಲ್ಲಿ ಗಾಲ್ಫ್ ಚೀಲ ಹಾಕಿಕೊಂಡು ಹೊರಡುವ ನನ್ನ ಓರಗೆಯವರೇ,

ಅರವತ್ತೈದು ದಾಟಿದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಮಳೆಗಾಲ ಕಳೆದು ಆಟ ಶುರುವಾದಾಗ ಹಿಂದಿನ ಟೀಗೆ ಹೋಗಿ ನಿಲ್ಲಬೇಡಿ. ಮುಂದಿನದಕ್ಕೆ ಬನ್ನಿ.

ನಾನು ಆರು ವರ್ಷ ತಡ ಮಾಡಿದೆ. ಅರವತ್ತೆರಡಕ್ಕೇ ನನ್ನ ಡ್ರೈವ್ 180 ಗಜಕ್ಕೆ ಇಳಿದಿತ್ತು. 400 ಗಜದ ಪಾರ್ ನಾಲ್ಕರ ಹೋಲ್‌ನಲ್ಲಿ ಮೊದಲ ಹೊಡೆತ ನೆಟ್ಟಗೆ ಬಿದ್ದರೂ ಇನ್ನೂ 220 ಗಜ ಉಳಿಯುತ್ತಿತ್ತು. ಡ್ರೈವರ್‌ನಲ್ಲೇ ಮುಟ್ಟಲಾಗದ ದೂರವನ್ನು ಹುಲ್ಲಿನ ಮೇಲಿಂದ ಮುಟ್ಟುವುದು ಹೇಗೆ? ಆದರೂ ಮುಟ್ಟಲೇಬೇಕೆಂದು ಮೈಯೆಲ್ಲ ತಿರುಚಿ ಬೀಸುತ್ತಿದ್ದೆ. ಒಂದು ಚಳಿಗಾಲ ಬಲಭುಜ ಹಿಡಿದುಕೊಂಡಿತು. ಆ ಸಲ ಕೊಯ್ಲಿನಲ್ಲಿ ಕಣದ ಹತ್ತಿರ ನಿಂತಿದ್ದೇ ಬಂತು, ಒಂದು ಹಿಡಿ ಹಣ್ಣು ಎತ್ತಿ ನೋಡಲೂ ಕೈ ಏಳಲಿಲ್ಲ. ಈಗ ಅದೇ ಹೋಲನ್ನು 330 ಗಜದ ಟೀಯಿಂದ ಆಡುತ್ತೇನೆ. ಉಳಿಯುವುದು 150. ಅದು ನನ್ನ ಅಳವಿನ ದೂರ. ಎರಡನೇ ಹೊಡೆತಕ್ಕೆ ಯಾವ ಕ್ಲಬ್ ತೆಗೆಯಲಿ ಎಂದು ಯೋಚಿಸುವ ಸುಖ ವರ್ಷಗಳ ಮೇಲೆ ಮತ್ತೆ ಸಿಕ್ಕಿದೆ.

ನಿಮ್ಮ ತೋಟದಲ್ಲಿ ಮರಕಸಿಗೆ ಯಾರನ್ನು ಹತ್ತಿಸುತ್ತೀರಿ? ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯಲು ಅರವತ್ತೆಂಟರ ಮನುಷ್ಯನನ್ನು ಏಣಿ ಏರಿಸುವವರು ನಮ್ಮಲ್ಲಿ ಯಾರೂ ಇಲ್ಲ. ಅವರನ್ನು ಕಣಕ್ಕೆ ಹಾಕುತ್ತೇವೆ, ಉದುರು ಹೆಕ್ಕಲು ಕಳಿಸುತ್ತೇವೆ. ಅದರಿಂದ ಅವರ ಮರ್ಯಾದೆ ಕಡಿಮೆಯಾಯಿತು ಎಂದು ಯಾರಿಗೂ ಅನಿಸಿಲ್ಲ. ಆಳುಗಳ ವಯಸ್ಸಿಗೆ ತೋರಿಸುವ ಈ ವಿವೇಕವನ್ನು ನಮ್ಮ ವಯಸ್ಸಿಗೂ ತೋರಿಸೋಣ.

ಮುಂದೆ ಬರದಂತೆ ನಿಮ್ಮನ್ನು ತಡೆಯುವುದು ಒಂದೇ ಒಂದು ಮಾತು ಎಂದು ನನಗೆ ಗೊತ್ತು: 'ಲೇಡೀಸ್ ಟೀ'. ದಯವಿಟ್ಟು ಆ ಹೆಸರನ್ನು ಬಿಟ್ಟುಬಿಡಿ. ಟೀಗೆ ಬಣ್ಣ ಉಂಟು, ಗಜ ಉಂಟು, ಗಂಡು ಹೆಣ್ಣು ಎಂಬುದಿಲ್ಲ. ಆ ಹೆಸರಿನಿಂದ ಗಂಡಸರು ನಾಚುತ್ತಾರೆ, ಹೆಂಗಸರಿಗೆ ಅವಮಾನವಾಗುತ್ತದೆ.

ಯಾವಾಗ ಮುಂದೆ ಬರಬೇಕು? ಹುಟ್ಟಿದ ವರ್ಷ ನೋಡಿ ನಿರ್ಧರಿಸಬೇಡಿ, ಚೆಂಡು ಬೀಳುವ ಜಾಗ ನೋಡಿ. ಸಮತಟ್ಟಾದ ಕಡೆ ಡ್ರೈವರ್‌ನಲ್ಲಿ ಹತ್ತು ಚೆಂಡು ಹೊಡೆಯಿರಿ. ಅತಿ ದೂರ ಹೋದ ಎರಡನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆ ಸರಾಸರಿಗೆ ಎಷ್ಟು ಉದ್ದದ ಕೋರ್ಸ್ ಸರಿ ಎಂಬುದಕ್ಕೆ ಒಂದು ಲೆಕ್ಕವಿದೆ. 2011ರಲ್ಲಿ ಅಮೆರಿಕದ ಪಿಜಿಎ ಮತ್ತು ಯುಎಸ್‌ಜಿಎ ಸೇರಿ 'ಟೀ ಇಟ್ ಫಾರ್ವರ್ಡ್' ಎಂಬ ಅಭಿಯಾನ ಹೂಡಿದವು. ಗಾಲ್ಫ್ ಕ್ಲಬ್ ತಯಾರಕ ಬಾರ್ನಿ ಆಡಮ್ಸ್ ಅವರ ಯೋಚನೆ ಅದು. ಆಗ ಕೊಟ್ಟ ಲೆಕ್ಕದ ಪ್ರಕಾರ, ಡ್ರೈವ್ 225 ಗಜವಿದ್ದರೆ 18 ಹೋಲ್‌ಗೆ 5800ರಿಂದ 6000 ಗಜ ಸಾಕು. 200 ಇದ್ದರೆ 5200ರಿಂದ 5400. 175ಕ್ಕೆ ಇಳಿದಿದ್ದರೆ 4400ರಿಂದ 4600.

ಎತ್ತರದ ನಮ್ಮ ಊರಲ್ಲಿ ಗಾಳಿ ತೆಳು, ಚೆಂಡು ಕೊಂಚ ದೂರ ಹೋಗುತ್ತದೆ ಎಂದು ವಾದಿಸುವ ಗೆಳೆಯರಿದ್ದಾರೆ. ನಿಜವೇ. ಆದರೆ ಮಳೆ ಕುಡಿದ ಹುಲ್ಲಿನಲ್ಲಿ ಬಿದ್ದ ಚೆಂಡು ಉರುಳುವುದಿಲ್ಲ, ಏರಿನಲ್ಲಿ ಇನ್ನೂ ಹಿಂದೆ ಉಳಿಯುತ್ತದೆ. ಗಾಳಿ ಕೊಟ್ಟಿದ್ದನ್ನು ನೆಲ ವಾಪಸ್ ತೆಗೆದುಕೊಳ್ಳುತ್ತದೆ. ಟಾಮ್ ವಾಟ್ಸನ್ 2009ರಲ್ಲಿ, 59ರ ವಯಸ್ಸಿನಲ್ಲಿ, ಟರ್ನ್‌ಬೆರಿಯ ಓಪನ್‌ನಲ್ಲಿ ಪ್ಲೇಆಫ್‌ವರೆಗೂ ಹೋದದ್ದನ್ನು ಇನ್ನು ಕೆಲವರು ಎತ್ತುತ್ತಾರೆ. ವಾಟ್ಸನ್ ಜೀವನವಿಡೀ ಗಾಲ್ಫ್ ಆಡಿಯೇ ಬದುಕಿದವರು. ನಾವು ತೋಟ ಮಾಡಿ ಬದುಕಿದವರು.

ಮುಂದೆ ಬಂದರೆ ಪಂದ್ಯದಲ್ಲಿ ಅನ್ಯಾಯವಾಗುತ್ತದೆ ಎಂಬ ಅಳುಕೂ ಬೇಡ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಂದೊಂದು ಟೀಗೂ ಬೇರೆ ಕೋರ್ಸ್ ರೇಟಿಂಗ್, ಬೇರೆ ಸ್ಲೋಪ್. ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ರೇಟಿಂಗ್‌ನಲ್ಲಿ ಪಾರ್ ಕಳೆದು ಸೇರಿಸಿದರೆ ಆ ಟೀಗೆ ನಿಮಗೆ ಎಷ್ಟು ಹೊಡೆತದ ರಿಯಾಯಿತಿ ಎಂದು ತಿಳಿಯುತ್ತದೆ. ಸುಲಭದ ಟೀಯಿಂದ ಆಡುವವರಿಗೆ ಕಡಿಮೆ ಹೊಡೆತ, ಅಷ್ಟೇ. ನಿಮ್ಮ ಮಗ ಹಿಂದಿನ ಟೀಯಿಂದ, ನೀವು ಮುಂದಿನದರಿಂದ, ಒಂದೇ ಗುಂಪಿನಲ್ಲಿ ಆಡಬಹುದು. ಮಗನೊಂದಿಗೆ ಸಮಸಮ ಆಡಿದ ಬೆಳಿಗ್ಗೆ ನನಗಂತೂ ದೊಡ್ಡದು.

ಕಿರಿಯ ಆಟಗಾರರೇ, 'ಅಂಕಲ್, ನೀವು ಮುಂದೆ ಹೋಗಿ' ಎಂದು ಹಿಂದಿನಿಂದ ಕೂಗಬೇಡಿ. 'ಇವತ್ತು ಎಲ್ಲರೂ ಮುಂದಿನ ಟೀಯಿಂದ ಆಡೋಣ' ಎನ್ನಿ. ಹಾಗೆ ಕರೆದವನ ಜೊತೆಗೇ ನಾನು ಮೊದಲ ಸಲ ಮುಂದೆ ಹೋದದ್ದು.

ಕೊನೆಗೆ ಕ್ಲಬ್ ಸಮಿತಿಗಳಲ್ಲಿ ಕೂತಿರುವವರಿಗೆ. 150 ಗಜ ಹೊಡೆಯುವವರಿಗೆ 3500ರಿಂದ 3700 ಗಜದ ಕೋರ್ಸ್ ಸರಿ ಎನ್ನುತ್ತದೆ 'ಟೀ ಇಟ್ ಫಾರ್ವರ್ಡ್'ನ ಅದೇ ಲೆಕ್ಕ. ಬಹಳ ಕೋರ್ಸ್‌ಗಳಲ್ಲಿ ಅತಿ ಮುಂದಿನ ಟೀ ಕೂಡ ಅದಕ್ಕಿಂತ ಎಷ್ಟೋ ಉದ್ದ. ಎಪ್ಪತ್ತೈದು ದಾಟಿದ ಅಮ್ಮಂದಿರು, ಅಜ್ಜಂದಿರು, ಈಗಷ್ಟೇ ಕಲಿಯುವ ಮಕ್ಕಳು ಎಲ್ಲಿಂದ ಹೊಡೆಯಬೇಕು? ಹೊಸ ಮಣ್ಣು ತುಂಬಿಸಬೇಕಿಲ್ಲ. ಫೇರ್‌ವೇಯ ಸಮತಟ್ಟಾದ ಜಾಗದಲ್ಲಿ, ಬಣ್ಣ ಬಳಿದ ಎರಡು ಮರದ ತುಂಡು ಇಡಿಸಿ, ಸ್ಕೋರ್ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿ. ಈ ಮಳೆ ಮುಗಿಯುವುದರೊಳಗೆ ಅದಾಗಲಿ. ತುಂಡುಗಳಿಗೆ ನನ್ನ ತೋಟದ ಸಿಲ್ವರ್ ಮರ ಕೊಡುತ್ತೇನೆ.