ರೊಟ್ಟಿ ಬಿಡಿಸಿದವರು ಯಾರು?



‘ಜನ ಜೋಳದ ರೊಟ್ಟಿ ಬಿಟ್ಟರು, ರೋಗ ತಂದುಕೊಂಡರು’ ಎಂದು ವೇದಿಕೆ ಏರಿದವರೆಲ್ಲ ದೂರುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು ನಾನು. ಕಾಲುವೆ ತೋಡಿದತ್ತ ನೀರು ಹರಿಯುತ್ತದೆ. ನೀರನ್ನು ಬೈದು ಫಲವಿಲ್ಲ.

ಬೆಂಬಲ ಬೆಲೆ ಜೋಳಕ್ಕೂ ಘೋಷಣೆಯಾಗುತ್ತದೆ. ಆದರೆ ಹಸಿರು ಕ್ರಾಂತಿಯ ಕಾಲದಿಂದಲೂ ಸರ್ಕಾರದ ಖರೀದಿ ಬಹುಪಾಲು ಅಕ್ಕಿ, ಗೋಧಿಯದೇ. 2013ರ ಆಹಾರ ಭದ್ರತಾ ಕಾಯಿದೆ ಅಕ್ಕಿಗೆ 3, ಗೋಧಿಗೆ 2, ಜೋಳ-ರಾಗಿಯಂಥ ಧಾನ್ಯಕ್ಕೆ 1 ರೂಪಾಯಿ ದರ ನಿಗದಿ ಮಾಡಿತ್ತು. ಈಗ ಧಾನ್ಯ ಉಚಿತ. ಕಾಯಿದೆಯಲ್ಲಿ ಜೋಳಕ್ಕೆ ಜಾಗವಿದೆ, ಗೋದಾಮಿನಲ್ಲಿ ಅಷ್ಟಿಲ್ಲ! ಪುಕ್ಕಟೆ ಅಕ್ಕಿ ಮನೆಯಲ್ಲಿರುವಾಗ ಕೂಲಿಯವ ದುಡ್ಡು ಕೊಟ್ಟು ಜೋಳ ತಂದಾನೆಯೇ?

ಅಕ್ಕಿ ಹಸಿವು ನೀಗಿಸಿತು, ಸುಳ್ಳಲ್ಲ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರಿನಂಶ ಸುಮಾರು 3 ಗ್ರಾಂ, ಜೋಳದಲ್ಲಿ 10. ಕ್ಯಾಲ್ಸಿಯಂ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 350ಕ್ಕೂ ಮಿಕ್ಕಿ.

ಇನ್ನು ಊರ ಅಂಗಡಿ ನೋಡಿ: ಮಕ್ಕಳ ಕೈಗೆಟುಕುವಂತೆ ತೂಗಾಡುವುದು 5 ರೂಪಾಯಿಯ ಕುರುಕಲು ಪೊಟ್ಟಣಗಳು. 2023ರಲ್ಲಿ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಚರಿಸಿದೆವು. ಬಡವರು ಬೆಳೆದ ಧಾನ್ಯ ಮಾಲ್‌ಗಳಲ್ಲಿ ಉಳ್ಳವರ ಪಥ್ಯವಾಯಿತು.

ಉಪದೇಶ ಸಾಕು. ವಿಜಯಪುರ, ಕಲಬುರಗಿಯ ಹಿಂಗಾರಿ ಜೋಳವನ್ನು ಅಲ್ಲಿಯೇ ಕೊಂಡು, ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿಯೇ ವರ್ಷವಿಡೀ ಹಂಚಲಿ ಎಂದು ಸರ್ಕಾರವನ್ನು ಒತ್ತಾಯಿಸೋಣ. ಜೊತೆಗೆ ನಮ್ಮ ಮಠಗಳ ಪ್ರಸಾದನಿಲಯಗಳು ರೈತರಿಂದ ನೇರವಾಗಿ ಜೋಳ ಕೊಳ್ಳಲಿ. ದೂರುವ ಬಾಯಿಗಿಂತ ಕೊಳ್ಳುವ ಕೈ ದೊಡ್ಡದು.