ಸೌಂದರ್ಯ ಸಾವು: ಫಿರ್ಯಾದು ಕೊಟ್ಟರೆ ಖರೇ ಆಗುತ್ತದೆಯೇ?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಮನೆಗಳಿಗೆ ನಟಿ ಸೌಂದರ್ಯ ಎರಡೂ ಕಡೆಯ ಮಗಳು. ಮೂಲ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ, ಹೆಸರು ಮಾಡಿದ್ದು ತೆಲುಗಿನಲ್ಲಿ. ‘ಅಮ್ಮೋರು’ ನೋಡಿ ಕೈಮುಗಿದವರೇ ಇಲ್ಲಿ ‘ಆಪ್ತಮಿತ್ರ’ವನ್ನೂ ನೋಡಿದ್ದಾರೆ. ಹೀಗಾಗಿ ಆಕೆಯ ಸಾವಿನ ಬಗ್ಗೆ ತೆಲುಗಿನಲ್ಲಿ ಏನೇ ಮಾತೆದ್ದರೂ ಅದು ಮೊದಲು ನಮ್ಮ ಕಿವಿಗೆ ಬೀಳುತ್ತದೆ. ಇಲ್ಲಿಂದ ಬೀದರ್, ಚಿಂಚೋಳಿ, ಸೇಡಂನ ಬೀಗರ ಮೊಬೈಲಿಗೆ ಹೋಗುತ್ತದೆ.

2025ರ ಮಾರ್ಚ್‌ನಲ್ಲಿ ಆದದ್ದೂ ಇದೇ. ಖಮ್ಮಂ ಜಿಲ್ಲೆಯ ವ್ಯಕ್ತಿಯೊಬ್ಬರು, ಸೌಂದರ್ಯ ಸತ್ತದ್ದು ಅಪಘಾತದಿಂದಲ್ಲ, ಅದು ಕೊಲೆ, ಹೈದರಾಬಾದ್ ಹತ್ತಿರದ ಜಲ್ಪಲ್ಲಿಯ 6 ಎಕರೆ ಜಮೀನೇ ಕಾರಣ ಎಂದು ತೆಲುಗಿನ ಹಿರಿಯ ನಟರೊಬ್ಬರ ವಿರುದ್ಧ ಅಧಿಕಾರಿಗಳಿಗೆ ದೂರು ಕೊಟ್ಟರು. ದೂರು ಬಂದದ್ದು ಘಟನೆಯಾಗಿ ಸುಮಾರು 21 ವರ್ಷಕ್ಕೆ. ತೆಲುಗಿನ ಸುದ್ದಿ ಕನ್ನಡಕ್ಕೆ ಬರುವಷ್ಟರಲ್ಲಿ ‘ಆರೋಪ’ ಎಂಬ ಪದ ದಾರಿಯಲ್ಲೇ ಉದುರಿ, ‘ಕೊಲೆ ಆಗ್ಯಾದಂತ’ ಎಂದಷ್ಟೇ ಉಳಿಯಿತು.

ಫಿರ್ಯಾದು ಅಂದ್ರ ಏನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೊಲದ ಬದುವಿಗೆ ಜಗಳಾಡಿದರೂ ಠಾಣೆಗೆ ಹೋಗಿ ಫಿರ್ಯಾದು ಬರೆಸುತ್ತೇವೆ. ಬರೆಸಿದ ಮಾತ್ರಕ್ಕೆ ಬದು ನಮ್ಮದಾಗುತ್ತದೆಯೇ?

ಈ ದೂರಿನ ಬೆನ್ನಲ್ಲೇ ಸೌಂದರ್ಯ ಅವರ ಪತಿ ಹೇಳಿಕೆ ಕೊಟ್ಟು, ಆ ನಟರೊಂದಿಗೆ ತಮ್ಮ ಕುಟುಂಬಕ್ಕೆ ಯಾವ ಜಮೀನು ವ್ಯವಹಾರವೂ ಇರಲಿಲ್ಲ, ಸುದ್ದಿ ಸುಳ್ಳು ಎಂದರು. ಹೆಂಡತಿಯನ್ನು ಕಳೆದುಕೊಂಡವರ ಈ ಮಾತನ್ನು ನಮ್ಮಲ್ಲಿ ಎಷ್ಟು ಜನ ಬೀಗರಿಗೆ ಕಳಿಸಿದರು?

ಅನುಮಾನ ಪಡಲೇಬಾರದು ಎಂದಲ್ಲ. ಆದರೆ ಇಲ್ಲಿ ಎರಡು ಮಾತು ಬೆರೆತಿವೆ. ಒಂದು ಜಮೀನಿನದು, ಇನ್ನೊಂದು ವಿಮಾನದ್ದು. ಜಮೀನು ಯಾರಿಂದ ಯಾರ ಹೆಸರಿಗೆ ಹೋಯಿತು ಎಂಬುದು ನೋಂದಣಿ ಕಚೇರಿಯಲ್ಲಿ ಇಸಿ ತೆಗೆಸಿದರೆ ತಿಳಿಯುತ್ತದೆ. ಅಲ್ಲಿ ತಕರಾರು ಸಿಕ್ಕರೂ ವಿಮಾನ ಬೀಳಿಸಿದರು ಎಂಬುದು ಸಾಬೀತಾಗುವುದಿಲ್ಲ. ಅದಕ್ಕೆ ಬೇರೆಯೇ ಪುರಾವೆ ಬೇಕು.

ವಿಮಾನದ ಸಂಗತಿ ಅಂದೇ ಎಲ್ಲ ಪತ್ರಿಕೆಗಳಲ್ಲಿ ಬಂದಿದೆ. 2004ರ ಏಪ್ರಿಲ್ 17, ಶನಿವಾರ. ಚುನಾವಣೆ ಕಾಲ. ಬಿಜೆಪಿ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟ ಪುಟ್ಟ ಸೆಸ್ನಾ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಕೆಲವೇ ನಿಮಿಷಕ್ಕೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಬಳಿ ಬಿದ್ದು ಹೊತ್ತಿ ಉರಿಯಿತು. ಸೌಂದರ್ಯ, ಅಣ್ಣ ಅಮರನಾಥ್, ಪಕ್ಷದ ಒಬ್ಬ ಕಾರ್ಯಕರ್ತ, ಪೈಲಟ್ ಸೇರಿ ನಾಲ್ವರೂ ಉಳಿಯಲಿಲ್ಲ. ಕೊಲೆ ಎನ್ನುವವರು ಈ ನಾಲ್ಕೂ ಸಾವಿಗೆ ಉತ್ತರ ಹೇಳಬೇಕು. ಪೈಲಟ್‌ನ ಮನೆಯವರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ ನೋಡ್ರಿ.

ಆಕೆಯ ವಯಸ್ಸಿನಲ್ಲೂ ಗೊಂದಲವಿದೆ. ಹುಟ್ಟಿದ ವರ್ಷ ಒಂದು ಕಡೆ 1972, ಇನ್ನೊಂದು ಕಡೆ 1976. ಆಗ ಗರ್ಭಿಣಿಯಾಗಿದ್ದರು ಎಂಬ ಮಾತೂ ಇದೆ. ಅದು ಮನೆಯವರಿಗೆ ಬಿಟ್ಟದ್ದು, ಊರವರು ಕೆದಕಬೇಕಾದ್ದಲ್ಲ.

ಇನ್ನು ನಮ್ಮ ಕನ್ನಡದವರದೇ ಕಾಣಿಕೆಯಾದ ‘ನಾಗವಲ್ಲಿ ಶಾಪ’. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಇದಕ್ಕೆ ರೆಕ್ಕೆಪುಕ್ಕ ಬಂತು. ಆದರೆ ‘ಆಪ್ತಮಿತ್ರ’ ತೆಗೆದ ದ್ವಾರಕೀಶ್ ಆಮೇಲೆ ಸುಮಾರು 20 ವರ್ಷ ಬದುಕಿ, 81ನೇ ವಯಸ್ಸಿನಲ್ಲಿ 2024ರಲ್ಲಿ ಹೋದರು. ಶಾಪ ಎನ್ನುವವರು ಅವರ ಹೆಸರು ಎತ್ತುವುದಿಲ್ಲ.

ಖರೇ ತಿಳಿಯುವ ಹಟ ಇದ್ದವರಿಗೆ ದಾರಿ ಇದೆ. ವಿಮಾನ ಅಪಘಾತದ ತನಿಖೆ ಆಗ ಡಿಜಿಸಿಎ ಕೆಲಸ. ಬೇರೆ ತನಿಖಾ ಬ್ಯೂರೋ ಬಂದದ್ದು 2012ರಲ್ಲಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಯಾರು ಬೇಕಾದರೂ ತನಿಖಾ ವರದಿ ಕೇಳಬಹುದು. ಘಟನೆಗೆ 20 ವರ್ಷ ತುಂಬಿದ್ದರೆ ಮಾಹಿತಿ ಕೊಡಲಾಗದು ಎನ್ನುವ ಹೆಚ್ಚಿನ ನೆಪಗಳಿಗೆ ಆ ಕಾಯ್ದೆಯಲ್ಲಿ ಜಾಗವಿಲ್ಲ. ದೂರು ಕೊಟ್ಟವರೂ, ಅದನ್ನು ದಿನವಿಡೀ ತೋರಿಸಿದವರೂ ಮೊದಲು ಆ ಅರ್ಜಿ ಹಾಕಬೇಕಿತ್ತು.

ಅರ್ಜಿ ಬರೆಯಲು ನಮಗೆ ಪುರಸೊತ್ತಿಲ್ಲ, ಸರಿ. ಬೀಗರಿಗೆ ಸುದ್ದಿ ಕಳಿಸುವಾಗ ‘ಕೊಲೆ’ ಎನ್ನುವ ಕಡೆ ‘ಫಿರ್ಯಾದು’ ಎಂದು ಬರೆದು, ಕೆಳಗೆ ಪತಿಯ ಮಾತನ್ನೂ ಒಂದು ಸಾಲು ಸೇರಿಸಿದರೆ ಎಷ್ಟು ಹೊತ್ತು ಹಿಡಿದೀತು?